ಕುರಿಮರಿ ಕೋಣೆಯಲ್ಲಿ ಎಂಟು ಬ್ಯಾಟರಿ

ಬ್ಯಾಟರಿ ಕೂಡಿಸುವ ಕೆಲಸಕ್ಕೆ ಹೊರಡುವ ಮೊದಲು ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಬೇಕು. ಉಂಗುರ, ಬಳೆ, ಗಡಿಯಾರ, ಸರ, ಸೊಂಟಕ್ಕೆ ಸಿಕ್ಕಿಸಿದ ಕೀಲಿಗೊಂಚಲು, ಯಾವುದೂ ಇರಕೂಡದು. ಆ ದಿನ ಬೆಳಿಗ್ಗೆ ಪೀರನವಾಡಿಯ ನಮ್ಮ ಅಂಗಡಿಯಲ್ಲಿ ನಿಂತು ನೋಡಿಕೊಂಡರೆ ತೆಗೆಯುವಂಥದ್ದು ನನ್ನ ಮೈಮೇಲೆ ಏನೂ ಇರಲಿಲ್ಲ. ಇದ್ದದ್ದು ಬಟ್ಟೆಯಲ್ಲಿ ಸುತ್ತಿ ರವಿಕೆಯೊಳಗೆ ಸೇರಿಸಿದ ಲಿಂಗ ಮಾತ್ರ, ಅದನ್ನು ತೆಗೆಯುವ ಪ್ರಶ್ನೆಯಿಲ್ಲ. ನಮ್ಮವರು ತೀರಿಕೊಂಡು ಎರಡು ತಿಂಗಳಾಗಿತ್ತು. ಒಂದು ಕೆಲಸ ಕಡಿಮೆಯಾಯಿತು ಅಂದುಕೊಂಡೆ, ಅಷ್ಟೆ. ದುಃಖ ಅನ್ನುವುದು ಒಳಗೆಲ್ಲೋ ಇತ್ತೇನೋ, ನನ್ನ ತನಕ ಬರುತ್ತಿರಲಿಲ್ಲ. ಊಟ ಮಾಡುತ್ತಿದ್ದೆ, ಉಪ್ಪು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಗೊತ್ತಾಗುತ್ತಿರಲಿಲ್ಲ. ಸದಾಶಿವನಗರದ ನನ್ನ ಅಕ್ಕ ನನ್ನನ್ನು ಒಂದಿಷ್ಟು ದಿನ ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದಳು. ನಾನು ಅಲ್ಲಿಯ ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕಿ, ಸಡಿಲವಾದ ಸ್ವಿಚ್ಚುಗಳನ್ನೆಲ್ಲ ಬಿಗಿ ಮಾಡಿ, ಇನ್ನೇನೂ ಉಳಿಯದೆ ಗೋಡೆ ನೋಡುತ್ತ ಕೂತದ್ದನ್ನು ಕಂಡು ಅವಳೇ ಹೆದರಿ ವಾಪಸ್ ಕಳಿಸಿದಳು.

ಕೆಲಸ ನಮ್ಮವರು ಒಪ್ಪಿಕೊಂಡಿದ್ದು. ಬೀಡಿ ಎಂಬ ಊರಿನಿಂದ ಆಚೆ, ಕಾಡಿನ ಪಟ್ಟಿಯೊಂದನ್ನು ದಾಟಿದ ಮೇಲೆ ಸಿಗುವ ಹೊಲದ ಮನೆ. ಆ ಮನೆಯ ಯಜಮಾನ ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಮರಳಿನ ಅಚ್ಚು ಮಾಡುತ್ತಿದ್ದವನು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ ಸಂಬಳದ ಕೆಲಸಕ್ಕೆ ಹೋದ. ವರ್ಷಗಟ್ಟಲೆ ಒಳಗೆ ಸೇರಿದ ಮರಳಿನ ಪುಡಿಯಿಂದ ಶ್ವಾಸಕೋಶ ಗಟ್ಟಿಯಾಗಿ, ಈಗ ಹಗಲಿರುಳು ಮೂಗಿಗೆ ಆಮ್ಲಜನಕದ ನಳಿಕೆ ಬೇಕು. ಸಿಲಿಂಡರುಗಳು ಬೆಳಗಾವಿಯಿಂದ ಹೋಗುತ್ತಿದ್ದವು. ಮಳೆ ಹಿಡಿದರೆ ದಾರಿಯ ಹಳ್ಳ ತುಂಬಿ ಅತ್ತ ಯಾವ ಗಾಡಿಯೂ ಹೋಗುವುದಿಲ್ಲ. ಕರೆಂಟಿನ ಕಂಬಗಳು ಕಾಡಿನ ಈಚೆಯೇ ನಿಂತುಬಿಟ್ಟಿವೆ. ಸುತ್ತಲಿನ ಗಾಳಿಯಿಂದಲೇ ಆಮ್ಲಜನಕ ತೆಗೆದುಕೊಡುವ ಯಂತ್ರವೊಂದನ್ನು ನೆಂಟರು ಸೇರಿ ಕೊಡಿಸಿದ್ದರು. ಅದನ್ನು ನಡೆಸಲು ಬೇಕಾದ ಸೋಲಾರ್ ಮತ್ತು ಬ್ಯಾಟರಿಗಳನ್ನು ನಾವು ಮಳೆಗಿಂತ ಮೊದಲು ಕೂಡಿಸಿಕೊಡಬೇಕಿತ್ತು. ಇಷ್ಟು ಮಾತು ಕೊಟ್ಟು ನಮ್ಮವರು ಹೊರಟುಹೋದರು.

ಆ ಮನೆಯ ಹೆಂಗಸು ಫೋನ್ ಮಾಡಿದಾಗ ಎತ್ತಿದ್ದು ನಾನು.

“ಸಾವ್ಕಾರ್ರು ಅದಾರೇನ್ರಿ?” ಅಂದಳು.

“ಇಲ್ಲ.”

“ಯಾವಾಗ ಬರ್ತಾರ್ರಿ?”

“ಅವರು ಬರೂದಿಲ್ಲ. ನಾ ಬರ್ತೀನಿ.”

ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. “ಅಯ್ಯ ಶಿವನ,” ಅಂದಳು. ಆಮೇಲೆ ಮೆಲ್ಲಗೆ, “ಮಳಿ ಬರೂದರಾಗ ಆಗ್ತೈತೇನ್ರಿ?” ಎಂದು ಕೇಳಿದಳು. ಅವಳಿಗೆ ತನ್ನ ಗಂಡನ ಉಸಿರಿನ ಚಿಂತೆ. ಎರಡು ತಿಂಗಳಲ್ಲಿ ನನ್ನ ಜತೆ ಸರಿಯಾಗಿ ಮಾತಾಡಿದವಳು ಇವಳೊಬ್ಬಳೇ ಅನ್ನಿಸಿತು.

ಬ್ಯಾಟರಿಗಳು ಎಂಟು. ಆಸಿಡ್ ತುಂಬಿದ ಬ್ಯಾಟರಿಗಳನ್ನು ಆ ಕಲ್ಲುದಾರಿಯಲ್ಲಿ ಕುಲುಕಾಡಿಸಿಕೊಂಡು ಒಯ್ಯುವುದು ಬೇಡವೆಂದು ಒಣ ಬ್ಯಾಟರಿಗಳನ್ನೇ ತರಿಸಿದ್ದೆ. ಅವುಗಳ ಒಳಗೆ ಸೀಸದ ತಟ್ಟೆಗಳು ಮಾತ್ರ ತಯಾರಾಗಿರುತ್ತವೆ. ಆಸಿಡ್ ಬೇರೆ ಕ್ಯಾನುಗಳಲ್ಲಿ ಬರುತ್ತದೆ, ಸ್ಥಳದಲ್ಲೇ ತುಂಬಬೇಕು. ತುಂಬಿದ ಮೇಲೆ ಮನಸ್ಸು ಬದಲಿಸುವಂತಿಲ್ಲ. ಆಸಿಡ್ ಕುಡಿದ ಬ್ಯಾಟರಿಯನ್ನು ಬೇಗ ಚಾರ್ಜಿಗೆ ಹಚ್ಚದಿದ್ದರೆ ತಟ್ಟೆಗಳ ಮೇಲೆ ಬಿಳಿ ಹರಳು ಕೂತು, ಅದು ಹುಟ್ಟುವ ಮೊದಲೇ ಮುದಿಯಾಗುತ್ತದೆ.

ಟೆಂಪೋದಲ್ಲಿ ಬ್ಯಾಟರಿಗಳನ್ನು ನೆಟ್ಟಗೆ ನಿಲ್ಲಿಸಿ ನಡುನಡುವೆ ಹಳೆಯ ಟೈರಿನ ತುಂಡು ತುರುಕಿದೆವು. ಆಸಿಡ್ ಕ್ಯಾನುಗಳನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ನಿಲ್ಲಿಸಿ, ಬಾಯಿ ಮೇಲಿರುವಂತೆ ಹಗ್ಗ ಬಿಗಿದೆವು. ಚೆಲ್ಲಿದರೆ ಸುರಿಯಲು ಅಡುಗೆ ಸೋಡಾದ ಚೀಲ, ತೊಳೆಯಲು ನೀರಿನ ಪೀಪಾಯಿ, ಎರಡೂ ಕೈಗೆಟಕುವಂತೆ ಬಾಗಿಲ ಬಳಿ ಇಟ್ಟೆವು. ಬಿಸಿಲು ಸಾಲದಿದ್ದರೆ ಚಾರ್ಜಿಗೆಂದು ಒಂದು ಚಿಕ್ಕ ಜನರೇಟರನ್ನೂ ಏರಿಸಿದೆವು. ಟೆಂಪೋ ಓಡಿಸುವವರು ನಮ್ಮವರ ಬಾಲ್ಯದ ಗೆಳೆಯರು, ಮನೆಮಾತು ಮರಾಠಿ, ನನ್ನನ್ನು ವೈನಿ, ಅಂದರೆ ಅತ್ತಿಗೆ, ಅಂತಾರೆ. ಹಗ್ಗದ ಕೊನೆಯ ಗಂಟು ಹಾಕುತ್ತ ಅವರು ಅಂದರು, “ವೈನಿ, ಖರೇ ಹೇಳ್ತೀನಿ. ಈ ಕೆಲಸ ಬ್ಯಾರೆ ಯಾರಿಗರ ಕೊಟ್ಟಬಿಡೂಣು.”

“ಯಾಕ?”

“ಅಲ್ಲಿ ಹಾಸಗಿ ಹಿಡದ ಮನಷಾ ಅದಾನ. ಈಗ ನೀವು ಅಂಥಾದ್ದು ನೋಡಬಾರದು.”

“ನೋಡೂದೇನೈತಿ? ವೈರ್ ಎಳಿಯೂದೈತಿ.”

ಅವರು ನನ್ನ ಮುಖ ನೋಡಿ, ತಲೆ ಕೊಡವಿ ಗಾಡಿ ಏರಿದರು. ಖಾನಾಪುರದಲ್ಲಿ ಚಹಾ ಕುಡಿದೆವು. ಬಿಸಿಯಾಗಿತ್ತು, ಅಷ್ಟು ಗೊತ್ತಾಯಿತು.

ಮನೆ ಕಲ್ಲಿನ ಗೋಡೆಯದು, ಹಂಚಿನ ಮಾಡಿನದು. ಯಜಮಾನ ಕಿಟಕಿಯ ಕೆಳಗೆ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ನಮ್ಮವರದೇ ವಯಸ್ಸು. ಪಕ್ಕದಲ್ಲಿ ಸಿಲಿಂಡರು, ಅದನ್ನು ತಿರುವಲು ಅದರ ಕೊರಳಿಗೇ ದಾರದಿಂದ ಕಟ್ಟಿದ ಪಾನಾ. ಅವನು ಹೆಂಡತಿಯನ್ನು ಕೂಗುತ್ತಿರಲಿಲ್ಲ. ಕೂಗಲು ಉಸಿರು ಬೇಕು. ಪಾನಾದಿಂದ ಸಿಲಿಂಡರಿಗೆ ಟಣ್ಣನೆ ಬಡಿಯುತ್ತಿದ್ದ, ಅವಳು ಎಲ್ಲಿದ್ದರೂ ಬರುತ್ತಿದ್ದಳು. ನಾನು ಮೊದಲು ನೋಡಿದ್ದು ಸಿಲಿಂಡರಿನ ಮುಳ್ಳನ್ನು. ಅದು ಕೆಂಪು ಗೆರೆಯ ಹತ್ತಿರ ಬಂದಿತ್ತು.

“ಇನ್ನೊಂದು ಸಿಲಿಂಡರ್ ಐತೇನ್ರಿ?” ಎಂದು ಕೇಳಿದೆ.

“ಇದ ಕಡೀದ್ರಿ,” ಅಂದಳು ಅವಳು. “ನೀವು ಬರ್ತೀರಂತ ಮತ್ತ ತರಸಲಿಲ್ಲ.”

ಬ್ಯಾಟರಿಗೆಂದು ಅವರು ಒಳಗಿನ ಕೋಣೆಯನ್ನು ಸಾರಿಸಿ, ರಂಗೋಲಿ ಎಳೆದು ತಯಾರು ಮಾಡಿದ್ದರು. ಮನೆಯ ಅತಿ ಭದ್ರವಾದ ಕೋಣೆ. ಕಿಟಕಿಯಿಲ್ಲ, ಒಂದು ಗೋಡೆಯಾಚೆ ಒಲೆ, ಇನ್ನೊಂದು ಗೋಡೆಯ ಗೂಡಿನಲ್ಲಿ ದೇವರು, ಮುಂದೆ ಉರಿಯುವ ದೀಪ. ನಾನು ಆಗುವುದಿಲ್ಲ ಅಂದೆ. ಚಾರ್ಜು ಆಗುವಾಗ ಬ್ಯಾಟರಿಯಿಂದ ಜಲಜನಕ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಹಗುರವಾಗಿ ಮೇಲೇರಿ ಮಾಡಿನ ಕೆಳಗೆ ಕೂಡುತ್ತದೆ. ಅದಕ್ಕೆ ಒಂದು ಕಿಡಿ ಸಾಕು.

ಹೊರಗೆ, ಮನೆಯ ಗೋಡೆಗೆ ಆತುಕೊಂಡು ಕುರಿಮರಿ ಕೂಡುವ ಕೋಣೆಯಿತ್ತು. ಅರ್ಧ ಗೋಡೆ, ಮೇಲರ್ಧ ಬಿದಿರಿನ ತಡಿಕೆ. ಗಾಳಿ ಕೆಳಗಿನಿಂದ ನುಗ್ಗಿ ಮೇಲಿನಿಂದ ಹೊರಹೋಗುತ್ತಿತ್ತು. ಇಂಥ ಕೋಣೆಯನ್ನು ಕಟ್ಟಿಸಬೇಕೆಂದರೂ ಯಾರೂ ಕಟ್ಟಿಸಿಕೊಡುವುದಿಲ್ಲ.

“ಇಲ್ಲಿ ಕೂಡಸ್ತೀನಿ,” ಅಂದೆ.

“ಮತ್ತ ಮರಿ?”

“ಒಳಗಿನ ಕೋಣ್ಯಾಗ ಬಿಡ್ರಿ.”

ಅವಳು ತನ್ನ ರಂಗೋಲಿಯನ್ನೊಮ್ಮೆ ನೋಡಿದಳು. “ಮನಿಗಿ ಬಂದ ಲಕ್ಷ್ಮಿ ಹಟ್ಟ್ಯಾಗ, ಕುರಿ ದೇವರ ಬಾಜೂಕ. ಚಲೋ ಆತು ಬಿಡ್ರಿ,” ಅಂದಳು. ಮಂಚದ ಮೇಲೆ ಯಜಮಾನನ ಹೆಗಲು ಅಲುಗಿತು. ನಗುತ್ತಿದ್ದ. ನಗುವುದಕ್ಕೂ ಉಸಿರು ಬೇಕು, ಕೆಮ್ಮು ಹಿಡಿಯಿತು. ಅವಳು ಓಡಿದಳು.

ಅಂದು ಪೂರ್ತಿ ಕೋಣೆಯ ಕೆಲಸ. ಹಿಕ್ಕೆ ತೆಗೆದು ತೊಳೆದು, ಡಾಂಬರು ಬಳಿದ ಹಲಗೆಗಳ ಮೇಲೆ ಪ್ಲಾಸ್ಟಿಕ್ ತಟ್ಟೆಗಳನ್ನಿಟ್ಟು ಬ್ಯಾಟರಿ ಕೂಡಿಸಿದೆವು. ಇಲಿ, ಮರಿ ಬರದಂತೆ ತಡಿಕೆಗೆ ಜಾಲರಿ ಹೊಡೆದೆವು. ತುತ್ತತುದಿಯಲ್ಲಿ ಒಂದು ಹಂಚು ಸರಿಸಿ ಅನಿಲ ಹೋಗಲು ಕೊಳವೆ ನಿಲ್ಲಿಸಿದೆವು. ಕಿಡಿ ಹಾರಬಹುದಾದ ಇನ್ವರ್ಟರನ್ನು ಅದೇ ಕೋಣೆಯಲ್ಲಿಡದೆ ಗೋಡೆಯಾಚೆ ಪಡಸಾಲೆಯಲ್ಲಿ ಬಿಗಿದೆವು. ಟೆಂಪೋದವರು ಮಾಡಿಗೆ ಹತ್ತಿ ಸೋಲಾರ್ ಹಲಗೆಗಳನ್ನು ಕೂಡಿಸಿದರು. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು, ಸುರಿಯಲಿಲ್ಲ.

ಮರುದಿನ ಬೆಳಿಗ್ಗೆ ಆಸಿಡ್ ತುಂಬುವ ಮೊದಲು ಮನೆಯಾಕೆಯನ್ನು ಕರೆದೆ. ನಾವು ಹೋದ ಮೇಲೆ ಇದನ್ನು ನೋಡಿಕೊಳ್ಳುವವಳು ಅವಳೇ. ಅವಳ ಮೈದುನ ಕುರಿಗಳನ್ನು ಮೇಯಿಸಲು ದೂರ ಹೋಗಿದ್ದ. ಯಜಮಾನನಿಗೆ ಬಗ್ಗಲು ಆಗದು, ಆಸಿಡ್ಡಿನ ಹಬೆಯಂತೂ ಅವನ ಹತ್ತಿರ ಸುಳಿಯಬಾರದು. ಬ್ಯಾಟರಿ ಕೂಡಿಸಿಬಿಟ್ಟರೆ ಮುಗಿಯಲಿಲ್ಲ. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೀರು ನೋಡಬೇಕು, ಬತ್ತಿದ್ದರೆ ಶುದ್ಧ ನೀರು ಹಾಕಬೇಕು, ವೈರು ಬಿಗಿಯುವ ತುದಿಗಳ ಮೇಲೆ ಹಸಿರು ಬೂಷ್ಟು ಬಂದರೆ ಒರೆಸಬೇಕು. ನೋಡುವವರಿಲ್ಲದ ಮನೆಗೆ ಬ್ಯಾಟರಿ ಕೂಡಿಸಬಾರದು ಎಂಬುದು ನಮ್ಮ ಅಂಗಡಿಯ ರೀತಿ.

“ಬೆಂಕಿ ತರಬ್ಯಾಡ್ರಿ. ಊದಿನಕಡ್ಡಿ ಸುದ್ದಾ. ಮೈಮ್ಯಾಲಿನ ಲೋಹ ಎಲ್ಲಾ ತಗದಿಡ್ರಿ,” ಅಂದೆ.

ಅವಳು ಹಿತ್ತಾಳೆ ಬಳೆ ತೆಗೆದಳು, ಉಂಗುರ ತೆಗೆದಳು. ತಾಳಿಯ ಸರ ಉಳಿಯಿತು. ಕರಿಮಣಿಗಳ ನಡುನಡುವೆ ಚಿನ್ನದ ಕೊಂಡಿ, ಸೊಂಟದ ತನಕ ಇಳಿಬಿದ್ದ ಸರ. ಅವಳು ನನ್ನನ್ನು ನೋಡಿದಳು, ನಾನು ಸರವನ್ನು ನೋಡಿದೆ. ಗಂಡನಿಲ್ಲದ ನಾನು, ಗಂಡನ ಒಂದೊಂದು ಉಸಿರನ್ನೂ ಕಾಯುತ್ತಿರುವ ಹೆಂಗಸಿಗೆ, ತಾಳಿ ತೆಗಿ ಎಂದು ಹೇಗೆ ಹೇಳಲಿ?

“ಅದನ್ನ ಜಂಪರದಾಗ ಸಿಗಸ್ಕೋರಿ,” ಅಂದೆ. ಅವಳು ರವಿಕೆಯೊಳಗೆ ಸಿಗಿಸಿಕೊಂಡಳು. ಅಷ್ಟು ಸಾಕು ಅನ್ನಿಸಿತು.

ರಬ್ಬರಿನ ಕೈಗವಸು, ಏಪ್ರನ್ನು, ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ ಹಾಕಿಕೊಂಡು ತುಂಬಲು ಶುರುಮಾಡಿದೆ. ಅವಳು ನೆಲಕ್ಕೆ ಹಾಸಲು ಹಳೆಯ ಗೋಣಿಚೀಲ ತಂದಳು. ಆಸಿಡ್ ಅದನ್ನು ತೂತು ಮಾಡುತ್ತದೆ, ಕಂಬಳಿಯಿದ್ದರೆ ಕೊಡಿ, ಉಣ್ಣೆಗೆ ಅದು ಸುಲಭಕ್ಕೆ ಏನೂ ಮಾಡುವುದಿಲ್ಲ ಅಂದೆ. “ನಮ್ಮ ಕಂಬಳಿ ಅಂದರೇನಂತ ತಿಳದೀರಿ,” ಅಂದು ಹೆಮ್ಮೆಯಿಂದ ತಂದು ಹಾಸಿದಳು. ಪ್ಲಾಸ್ಟಿಕ್ ಆಲಿಕೆಯಿಂದ ಒಂದೊಂದು ಕೋಶಕ್ಕೂ ನಿಧಾನವಾಗಿ ಸುರಿಯುತ್ತ ಹೋದೆ. ತಟ್ಟೆಗಳು ಮುಳುಗಿ ಸ್ವಲ್ಪ ಮೇಲೆ ಬರಬೇಕು, ತುಂಬಿ ತುಳುಕಬಾರದು. ಆಸಿಡ್ ಒಳಗಿಳಿದಂತೆ ಬ್ಯಾಟರಿಯ ಮೈ ಬಿಸಿಯಾಗುತ್ತದೆ. ಮೈ ಆರುವ ತನಕ ಚಾರ್ಜಿಗೆ ಹಚ್ಚುವಂತಿಲ್ಲ, ಕಾಯಬೇಕು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ನನ್ನನ್ನು ನಾನೇ ದೂರದಿಂದ ನೋಡುತ್ತಿದ್ದೆ, ಪಕ್ಕದ ಮನೆಯವಳನ್ನು ನೋಡಿದ ಹಾಗೆ.

ಕಾಯುವ ಹೊತ್ತಿನಲ್ಲಿ ಜೋಡಣೆ ಮುಗಿಸಿದೆ. ನಾಲ್ಕು ನಾಲ್ಕು ಬ್ಯಾಟರಿಗಳ ಎರಡು ಸಾಲು. ಕೋಣೆ ಚಿಕ್ಕದಾದ್ದರಿಂದ ಒಂದೊಂದು ಸಾಲನ್ನೂ ಅರ್ಧಕ್ಕೆ ಮಡಚಿ ಕೂಡಿಸಿದ್ದೆ. ಹಾಗಾಗಿ ಸಾಲಿನ ಮೊದಲ ತುದಿ ಮತ್ತು ಕೊನೆಯ ತುದಿ ಗೇಣು ಅಂತರದಲ್ಲಿ ಅಕ್ಕಪಕ್ಕ ಬಂದವು. ಆ ಎರಡು ತುದಿಗಳ ನಡುವೆ ಲೋಹ ಬಿದ್ದರೆ ಇಡೀ ಸಾಲಿನ ಶಕ್ತಿ ಒಮ್ಮೆಲೇ ಅದರೊಳಗೆ ನುಗ್ಗುತ್ತದೆ. ಮೇಲೆ ರಬ್ಬರಿನ ಹಾಳೆ ಮುಚ್ಚಿ, ಇನ್ವರ್ಟರಿನ ವೈರು ಬಿಗಿಯಲು ಪಡಸಾಲೆಗೆ ಹೋದೆ.

ಸ್ಕ್ರೂ ಇನ್ನೂ ಕೈಯಲ್ಲಿತ್ತು. ಕುರಿಮರಿ ಕೋಣೆಯಿಂದ ಚಟ್ಟನೆ ಸದ್ದು, ಜತೆಗೆ ಅವಳ ಕೂಗು. ಓಡಿದೆ. ಅರಿಷಿಣ ಕುಂಕುಮದ ತಟ್ಟೆ ನೆಲದ ಮೇಲೆ ಬಿದ್ದಿತ್ತು. ಒಂದೊಂದು ಬ್ಯಾಟರಿಗೂ ಕುಂಕುಮ ಹಚ್ಚುತ್ತ ಬಂದು, ಕೊನೆಯದಕ್ಕೆ ಹಚ್ಚಲು ರಬ್ಬರಿನ ಹಾಳೆ ಸರಿಸಿ ಬಗ್ಗಿದ್ದಳು. ರವಿಕೆಯಿಂದ ಸರ ಜಾರಿ ಎರಡು ತುದಿಗಳ ಮೇಲೆ ಬಿದ್ದಿತ್ತು. ಚಿನ್ನದ ಕೊಂಡಿಗಳು ಕರಗಿ, ಕರಿಮಣಿಗಳು ಸಿಡಿದು, ತಾಳಿ ಬ್ಯಾಟರಿಯ ಮೇಲೆ ಬೇರೆಯಾಗಿ ಬಿದ್ದಿತ್ತು. ಇನ್ನೂ ಚಾರ್ಜಿಗೆ ಹಚ್ಚಿರಲಿಲ್ಲ, ಕೋಣೆಯಲ್ಲಿ ಜಲಜನಕ ತುಂಬಿರಲಿಲ್ಲ. ಹಾಗಾಗಿ ಕೋಣೆ ಉಳಿಯಿತು, ಅವಳೂ ಉಳಿದಳು. ಕೊರಳಿನ ಕೆಳಗೆ ಬೆರಳಗಲ ಚರ್ಮ ಸುಟ್ಟಿತ್ತು. ನಾನು ಕೈಗವಸು ಕಿತ್ತೆಸೆದು ಅವಳನ್ನು ಹೊರಗೆಳೆದು ಸುಟ್ಟ ಜಾಗದ ಮೇಲೆ ನೀರು ಸುರಿಯುತ್ತ ನಿಂತೆ.

“ಬೆಂಕಿ ತರಬ್ಯಾಡ ಅಂದಿದ್ದಿರಿ, ತಂದಿಲ್ಲರಿ,” ಅಂದಳು. “ಊದಿನಕಡ್ಡಿ ಸುದ್ದಾ ತಂದಿಲ್ಲ.”

ಹೌದು. ಹೇಳಿದ್ದನ್ನೆಲ್ಲ ಪಾಲಿಸಿದ್ದಳು.

ಸುಟ್ಟದ್ದು ಅವಳಿಗೆ ನೋಯುತ್ತಿರಲಿಲ್ಲವೋ ಏನೋ. ಸಿಕ್ಕ ಮಣಿಗಳನ್ನು, ತಾಳಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಂಗಳದಲ್ಲಿ ಕೂತಳು. ಅಲ್ಲಿಂದಲೇ ಅಂದಳು, “ಕೀಳ್ರಿ ಅದನ್ನ. ಒಯ್ರಿ.”

“ಆಸಿಡ್ ತುಂಬೇತಿ. ಈ ದಾರ್‍ಯಾಗ ಒಯ್ಯಾಕ ಬರೂದಿಲ್ಲ,” ಅಂದೆ.

“ನನಗ ತಿಳಿಯಂಗಿಲ್ಲ. ತಾಳಿ ಸುಟ್ಟ ಯಂತ್ರ ನನ್ನ ಮನ್ಯಾಗ ಬ್ಯಾಡ. ನಾ ಅದನ್ನ ಮುಟ್ಟೂದಿಲ್ಲ.” ಆಮೇಲೆ ನನ್ನ ಬರಿ ಹಣೆಯನ್ನು ನೋಡಿ, “ಕೈಯಿಟ್ಟಾಕಿನೂ ಅಂಥಾಕಿನ. ನನಗ ಮೊದಲ ತಿಳೀಬೇಕಿತ್ತು,” ಅಂದಳು.

ಟೆಂಪೋದವರಿಗೆ ಸಿಟ್ಟು ಬಂತು. “ಏನ ಮಾತಾಡ್ತೀರಿ ನೀವು? ನಿಮ್ಮ ಸಲುವಾಗಿ...” ಅನ್ನುತ್ತಿದ್ದರು, ನಾನು ತಡೆದೆ. ನನಗೆ ಸಿಟ್ಟು ಬಂದಿರಲಿಲ್ಲ, ನೋವೂ ಆಗಿರಲಿಲ್ಲ. ಬ್ಯಾಟರಿಗಳ ಮೈ ಆರುತ್ತ ಬಂದಿತ್ತು, ಮಧ್ಯಾಹ್ನದ ಬಿಸಿಲು ಜಾರುವ ಮೊದಲು ಚಾರ್ಜಿಗೆ ಹಚ್ಚಬೇಕು ಎಂಬುದೊಂದೇ ತಲೆಯಲ್ಲಿತ್ತು.

ಅವರು ನನ್ನನ್ನು ಬದಿಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು, “ವೈನಿ, ಚಾಲೂ ಮಾಡ್ರಿ, ಹೋಗೂಣು. ಆಮ್ಯಾಲ ಆಕಿ ನೋಡ್ತಾಳ, ಬಿಡ್ತಾಳ. ನಾವೇನ್ ಮಾಡಾಕ ಆಗ್ತೈತಿ?”

ಅದು ಸುಲಭವಿತ್ತು. ಯಂತ್ರ ಆ ಮಳೆಗಾಲವನ್ನು ಹೇಗೋ ದಾಟಿಸುತ್ತಿತ್ತು. ಮುಂದಿನ ಮಳೆಗಾಲಕ್ಕೆ ನೀರು ಬತ್ತಿ, ತಟ್ಟೆ ಒಣಗಿ, ಹಳ್ಳ ತುಂಬಿದ ಒಂದು ದಿನ ನಿಲ್ಲುತ್ತಿತ್ತು. ಇಲ್ಲವೆ, ಹೇಳಿಕೊಡದಿದ್ದರೂ ಅವಳೇ ಹೆದರಿ ಹೆದರಿ ಮುಚ್ಚಳ ತೆಗೆಯಲು ಹೋಗಿ, ಈ ಸಲ ಜಲಜನಕ ತುಂಬಿದ ಕೋಣೆಯಲ್ಲಿ ಅದೇ ಕಿಡಿ ಹಾರುತ್ತಿತ್ತು. ಒಳಗೆ ಹೋಗಿ ಸಿಲಿಂಡರಿನ ಮುಳ್ಳು ನೋಡಿದೆ. ಯಜಮಾನ ನನ್ನ ಕಣ್ಣನ್ನೇ ನೋಡುತ್ತಿದ್ದ.

“ಎಷ್ಟ?” ಎಂದು ಕೇಳಿದ.

“ನಾಳಿ ಸಂಜಿ ತನಕ ಬರಬಹುದು.”

ತಲೆಯಾಡಿಸಿ ಕಣ್ಣು ಮುಚ್ಚಿದ. ನಾನು ಅಂಗಳಕ್ಕೆ ಬಂದು ಅವಳ ಎದುರು ನೆಲದ ಮೇಲೆ ಕೂತೆ. ಇನ್ವರ್ಟರಿನ ವೈರು ಅರ್ಧಕ್ಕೆ ನಿಂತಿತ್ತು. ಇವಳ ಜತೆಗಿನ ಮಾತು ಮುಗಿಸದೆ ಅದನ್ನು ಬಿಗಿಯುವುದಿಲ್ಲವೆಂದು ನಿರ್ಧರಿಸಿದೆ.

“ತಪ್ಪು ಯಂತ್ರದ್ದಲ್ಲ, ಸರದ್ದು,” ಅಂದೆ. “ತಾಳಿ ತಗೀರಿ ಅಂತ ನಾ ಹೇಳಬೇಕಿತ್ತು, ಹೇಳಾಕ ಬಾಯಿ ಬರಲಿಲ್ಲ. ಈಗ ಹೇಳ್ತೀನಿ. ಬ್ಯಾಟರಿ ಹತ್ರ ಹೋಗೂ ಮುಂದ ಸರ ತಗದಿಟ್ಟು ಅರಿಷಿಣ ಕೊಂಬು ಕಟ್ಟಿಕೋರಿ. ದಾರಕ್ಕ ಕರೆಂಟ್ ಹಿಡಿಯೂದಿಲ್ಲ.”

ಸರ ಅಕ್ಕಸಾಲಿಗನ ಹತ್ತಿರ ದುರಸ್ತಿಗೆ ಹೋದಾಗ ಅರಿಷಿಣ ಕೊಂಬಿನ ದಾರ ಕಟ್ಟಿಕೊಳ್ಳುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದ್ದದ್ದೇ. ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತಲೆಯೆತ್ತಿದಳು.

“ನೀವು ಹಂಗ ಕಟ್ಟಿಕೊಂಡ ಕೆಲಸ ಮಾಡ್ತಿದ್ರೇನ್ರಿ?”

“ಹೌದು. ಬರೇ ಕೊರಳಲೇ ಹೋಗಬಾರದಂತ ಮೊದಲನೆ ಸಲ ನಮ್ಮತ್ತಿ ತಂದು ಕೊಟ್ಟರು. ಮುಂದ ಕೆಲಸಕ್ಕ ಹೊಂಟಾಗೆಲ್ಲ ನಮ್ಮವರ ಕಟ್ಟತಿದ್ದರು.”

“ಮತ್ತ ಅವರು...” ಅವಳು ಅಲ್ಲಿಗೆ ನಿಲ್ಲಿಸಿದಳು. ಮುಂದಿನದು ಇಬ್ಬರಿಗೂ ಕೇಳಿಸಿತು.

ಒಂದು ಸುಳ್ಳು ಹೇಳಿದ್ದರೆ ಕೆಲಸ ಆಗುತ್ತಿತ್ತು. ಆ ದಿನ ಮನೆಯಲ್ಲಿದ್ದೆ, ಸರ ಕೊರಳಲ್ಲೇ ಇತ್ತು ಅಂದರೆ ಮುಗಿಯಿತು. ಅವಳು ಒಪ್ಪುತ್ತಿದ್ದಳು, ಗಂಡ ಉಸಿರಾಡುತ್ತಿದ್ದ. ನಿಜ ಹೇಳಿದರೆ ಅವಳು ಎದ್ದು ಹೋಗುವುದು ಖಂಡಿತ ಅನ್ನಿಸಿತು. ಆದರೆ ಆ ಬೆಳಿಗ್ಗೆ ಒಂದು ಮಾತು ನುಂಗಿದ್ದಕ್ಕೆ ಅವಳ ಕೊರಳು ಸುಟ್ಟಿತ್ತು. ಇನ್ನೊಂದನ್ನು ನುಂಗಲು ಆಗಲಿಲ್ಲ.

“ನಾ ಕೆಲಸದ ಮ್ಯಾಲಿದ್ದೆ. ನನ್ನ ಕೊರಳಾಗ ದಾರನ ಇತ್ತು,” ಅಂದೆ. “ಅವರು ಅಂಗಡಿ ಶಟರ್ ಎತ್ತೂ ಮುಂದ ಎದಿ ಹಿಡಕೊಂಡ ಕುಂತರಂತ. ಹೃದಯ ನಿಂತಿತು. ಆ ದಾರಕ್ಕೂ ಅವರ ಎದಿಗೂ ನಡುವ ಯಾವ ವೈರೂ ಇರಲಿಲ್ಲ. ನಾ ಈ ಕೆಲಸ ಬಲ್ಲೆ, ಇದ್ದಿದ್ರ ನನಗ ಕಾಣತಿತ್ತು.”

ಅವಳು ಸೆರಗಿನ ಗಂಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಮಾಡಿನ ಮೇಲೆ ಸೋಲಾರ್ ಹಲಗೆಗಳ ಬಿಸಿಲು ಸರಿಯುತ್ತಿತ್ತು. ಕೆಟ್ಟಿತು, ಹೇಳಬಾರದಿತ್ತು ಅಂದುಕೊಂಡೆ.

ಒಳಗಿನಿಂದ ಟಣ್ ಎಂದು ಸದ್ದಾಯಿತು. ಮತ್ತೆ ಟಣ್. ಅವಳು ಎದ್ದು ಹೋದಳು, ನಾನು ಹೊಸ್ತಿಲ ತನಕ ಹೋದೆ. ಅಂಗಳದ ಮಾತೆಲ್ಲ ಕಿಟಕಿಯಿಂದ ಯಜಮಾನನಿಗೆ ಕೇಳಿಸಿತ್ತು.

“ದಾರ ತಾ,” ಅಂದ.

“ಸುಮ್ಮನಿರ್ರಿ. ದಮ್ಮು ಹತ್ತತದ,” ಅಂದಳು.

“ತಾ ಅಂದೆ.” ಉಸಿರು ಎಳೆದುಕೊಂಡ. “ಇನ್ನ ಸತ್ತಿಲ್ಲ ನಾ. ಕಟ್ಟಾಕ ಬರ್ತದ.”

ಅವಳು ಅಡುಗೆಮನೆಯಿಂದ ಅರಿಷಿಣ ಕೊಂಬು ತಂದಳು, ಕಂಬಳಿ ಹೊಲಿಯುವ ಗಟ್ಟಿ ದಾರ ತಂದಳು, ಮಂಚದ ಮುಂದೆ ಬೆನ್ನು ಮಾಡಿ ಕೂತಳು. ಅವನು ಕೊಂಬಿಗೆ ದಾರ ಸುತ್ತಿ ದಿಂಬಿಗೆ ಒರಗಿದ. ಸ್ವಲ್ಪ ಹೊತ್ತಿಗೆ ಮತ್ತೆ ಮುಂದೆ ಬಗ್ಗಿ, ಸುಟ್ಟ ಜಾಗಕ್ಕೆ ತಾಗದಂತೆ ದಾರವನ್ನು ಉದ್ದ ಬಿಟ್ಟು ಕೊರಳಿಗೆ ಹಾಕಿದ, ಮತ್ತೆ ಒರಗಿದ. ಒಂದು ಗಂಟಿಗೂ ಇನ್ನೊಂದು ಗಂಟಿಗೂ ನಡುವೆ ಅವನು ಉಸಿರು ಕೂಡಿಸಿಕೊಳ್ಳುವ ತನಕ ಅವಳು ಅಲುಗದೆ ಕೂತಿದ್ದಳು. ಮೂರನೆಯ ಗಂಟು ಬಿದ್ದ ಮೇಲೆ ಎದ್ದು ಬಂದು ನನಗೆ, “ಹಚ್ರಿ ಚಾರ್ಜಿಗೆ,” ಅಂದಳು.

ಹಚ್ಚಿದೆ. ಬಿಸಿಲು ಸಾಲದಾದಾಗ ನಮ್ಮ ಜತೆ ತಂದಿದ್ದ ಜನರೇಟರನ್ನು ಅಂಗಳದಾಚೆ ನಿಲ್ಲಿಸಿ ಅದರಿಂದ ಮುಂದುವರಿಸಿದೆ. ಕೋಶಗಳು ಗುಳುಗುಳು ಸದ್ದು ಮಾಡತೊಡಗಿದವು. ಆಗಾಗ ಗಾಜಿನ ಪಿಚಕಾರಿಯಂಥ ಹೈಡ್ರೋಮೀಟರಿನಲ್ಲಿ ಆಸಿಡ್ ಎಳೆದು ಅದರ ಸಾಂದ್ರತೆ ನೋಡುತ್ತಿದ್ದೆ. ಒಂದು ಕೋಶ ಹಿಂದೆ ಬಿದ್ದಿತ್ತು, ಅದೂ ನಿಧಾನಕ್ಕೆ ಉಳಿದವುಗಳ ಸಾಲಿಗೆ ಬಂತು. ಟೆಂಪೋದವರು ಯಾರಿಗೂ ಕೇಳದಂತೆ ಮರಾಠಿಯಲ್ಲಿ ಏನೋ ಪ್ರಾರ್ಥನೆ ಮಾಡಿಕೊಳ್ಳುತ್ತಿದ್ದರು. ನಾನು ಕೇಳಿಸಿಕೊಂಡೆನೆಂದು ತಿಳಿದು ಬೀಡಿ ಹುಡುಕುವ ನೆಪದಲ್ಲಿ ದೂರ ಹೋದರು. ಅಲ್ಲೇ ದೂರದಲ್ಲಿ ಸೇದಿ ಬರ್ರಿ ಎಂದು ಕೂಗಿ ಹೇಳಿದೆ.

ಮರುದಿನ ಬೆಳಿಗ್ಗೆ ಆಮ್ಲಜನಕದ ಯಂತ್ರವನ್ನು ಹಚ್ಚಿದೆವು. ಅದು ಒಮ್ಮೆ ಕಿರುಚಿ, ಆಮೇಲೆ ದಮ್ಮು ಎಳೆದು ಬಿಡುವ ಹಾಗೆ ಒಂದೇ ಸಮ ಸದ್ದು ಮಾಡತೊಡಗಿತು. ಯಜಮಾನ ನಳಿಕೆ ಬದಲಿಸಿಕೊಂಡು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಪಾನಾ ತೆಗೆದು ಸಿಲಿಂಡರನ್ನು ತಾನೇ ತಿರುವಿ ಮುಚ್ಚಿದ.

ಮನೆಯಾಕೆಗೆ ಕಲಿಸುವುದೊಂದು ಉಳಿದಿತ್ತು. ಸೋಲಾರಿನ ಸ್ವಿಚ್ಚು ತೆಗೆದು, ಕೋಣೆಯ ಗಾಳಿ ಬದಲಾಗುವ ತನಕ ಕಾದು, ಇಬ್ಬರೂ ಏಪ್ರನ್ನು, ಕೈಗವಸು, ಕನ್ನಡಕ ಹಾಕಿಕೊಂಡು ಒಳಗೆ ಹೋದೆವು. ಆಸಿಡ್ ಸಿಡಿದು ಕಣ್ಣಿಗೆ ಬಿದ್ದರೆ ಒರೆಸಬಾರದು, ಉಜ್ಜಬಾರದು, ಕೂಡಲೇ ನೀರು ಹಾಕುತ್ತಲೇ ಇರಬೇಕು ಅಂದೆ. ಅವಳು ತಂಬಿಗೆ ನೀರು ತಂದು ಬಾಗಿಲಲ್ಲಿಟ್ಟಳು. ಹೈಡ್ರೋಮೀಟರ್ ಹಿಡಿಯುವುದನ್ನು, ನೀರಿನ ಮಟ್ಟ ನೋಡುವುದನ್ನು ಬೇಗ ಕಲಿತಳು. ತುದಿಗಳಿಗೆ ಬೂಷ್ಟು ಹಿಡಿಯದಂತೆ ವ್ಯಾಸಲೀನ್ ಸವರುವುದನ್ನು ತೋರಿಸಲು, ಅವುಗಳಿಗೆ ಹೊಸದಾಗಿ ತೊಡಿಸಿದ್ದ ರಬ್ಬರಿನ ಟೋಪಿಗಳನ್ನು ತೆಗೆದೆ. ಅವಳು ಬಗ್ಗಿದಳು.

ಏಪ್ರನ್ನಿನಿಂದ ದಾರ ಜಾರಿ ಅದೇ ಎರಡು ತುದಿಗಳ ಮೇಲೆ ಅಡ್ಡ ಬಿದ್ದಿತು. ಅರಿಷಿಣ ಕೊಂಬು ಒಂದರ ಮೇಲೆ, ದಾರ ಇನ್ನೊಂದರ ಮೇಲೆ. ಅವಳು ಹಾಗೇ ನಿಂತಳು. ನನಗೆ ಗೊತ್ತಿದ್ದ ವಿಷಯವೇ ಆದರೂ ನನ್ನ ಉಸಿರೂ ನಿಂತಿತು. ಏನೂ ಆಗಲಿಲ್ಲ. ಗೋಡೆಯಾಚೆ ಯಂತ್ರ ದಮ್ಮು ಎಳೆದು ಬಿಡುತ್ತಲೇ ಇತ್ತು. ಅವಳು ದಾರವನ್ನು ಎತ್ತಿ ಒಳಗೆ ಸೇರಿಸಿಕೊಳ್ಳಲೂ ಇಲ್ಲ, ಅದು ಬಿದ್ದಲ್ಲೇ ಬಿಟ್ಟು ತುದಿಗೆ ವ್ಯಾಸಲೀನ್ ಸವರಿದಳು.

ನನ್ನ ಕಣ್ಣಲ್ಲಿ ನೀರು ಬಂದದ್ದು ಆಗ. ಯಾಕೆ ಆಗಲೇ ಬಂತೋ ಹೇಳಲಾರೆ. ಎರಡು ತಿಂಗಳು ಬರದಿದ್ದದ್ದು ಒಮ್ಮೆಲೇ ಬಂತು. ಕನ್ನಡಕದ ಒಳಗೆ ನೀರು ಕೂಡಿ ಎದುರಿನ ಬ್ಯಾಟರಿಗಳೆಲ್ಲ ಕಲಸಿಹೋದವು. ಕೈಗವಸಿಗೆಲ್ಲ ಆಸಿಡ್ ಹತ್ತಿತ್ತು, ಒರೆಸಿಕೊಳ್ಳುವಂತಿಲ್ಲ. ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು ಹಾಗೇ ನಿಂತೆ, ಹೆಗಲು ಅಲುಗುತ್ತಿತ್ತು.

ಅವಳು ತಿರುಗಿ ನೋಡಿದವಳೇ ಕೈಗವಸು ಕಳಚಿ, ತಂಬಿಗೆ ತೆಗೆದುಕೊಂಡು ಓಡಿ ಬಂದಳು.

“ಕಣ್ಣಿಗಿ ಆಸಿಡ್ ಹಾರೇತೇನ್ರಿ ಅಕ್ಕಾರ?”

“ಇಲ್ಲ,” ಅಂದೆ.

“ಖರೇ?”

“ಖರೇ. ಆಸಿಡ್ ಅಲ್ಲ.”

“ಹಂಗಾರ ಚಿಂತಿಲ್ಲ,” ಅಂದಳು. “ಅಳ್ರಿ.”

ತಂಬಿಗೆಯನ್ನು ನನ್ನ ಕಾಲ ಬಳಿಯೇ ಇಟ್ಟು, ಕೈಗವಸು ಹಾಕಿಕೊಂಡು, ಮುಂದಿನ ತುದಿಗೆ ವ್ಯಾಸಲೀನ್ ಸವರತೊಡಗಿದಳು.